ಕಟ್ಟಿದ ಕಾಲು, ಬಿಟ್ಟ ಕಾಲು

ನಮ್ಮ ಹಾಲಿನವರು ಸೈಕಲ್ಲಿನಿಂದ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆಂದು ನಾನು ಹದಿನೈದು ವರ್ಷ ನಂಬಿಕೊಂಡಿದ್ದೆ. ರೈಲ್ವೆ ಗೇಟಿನ ಹಳಿಯ ಮೇಲೆ ಮುಂದಿನ ಚಕ್ರ ಜಾರುತ್ತದೆ. ಪೆಡಲಿಗೆ ಚರ್ಮದ ಪಟ್ಟಿಯಿಂದ ಬಿಗಿದ ಬಲಗಾಲು ಹೊರಗೆ ಬರಲಾರದೆ ಒದ್ದಾಡುತ್ತದೆ. ಸೈಕಲ್ಲು ಅವರ ಸಮೇತ ಪಕ್ಕಕ್ಕೆ ವಾಲುತ್ತದೆ. ಆಮೇಲೆ ಒಣ ಕಟ್ಟಿಗೆ ಮುರಿದಂಥ ಸದ್ದು. ಆ ಸದ್ದು ಕೂಡ ನನಗೆ ನೆನಪಿದೆ.

ಹೋದ ತಿಂಗಳು ಅವರ ತಿಥಿಗೆ ಹೋಗಿದ್ದೆ. ನಂದಿದುರ್ಗ ಚಿನ್ನದ ಗಣಿಯಲ್ಲಿ ಅವರ ಜೊತೆ ಪಂಪಿನ ಕೆಲಸ ಮಾಡುತ್ತಿದ್ದ ತಂಡದ ಮೇಸ್ತ್ರಿ, ಎಲ್ಲರೂ ಮೇಟ್ ಎನ್ನುತ್ತಿದ್ದವರು, ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದರು. ನಾನು ಈ ದೃಶ್ಯವನ್ನು ವರ್ಣಿಸುತ್ತಿದ್ದಾಗ ಅವರು ಅನ್ನ ಕಲಸುವುದನ್ನು ನಿಲ್ಲಿಸಿ, ನನ್ನ ಮುಖ ನೋಡಿ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು.

“ಎನ್ನ ಸಾರ್, ನೀವು ಗೇಟ್ ಹತ್ರ ಎಲ್ಲಿದ್ರಿ? ಬಂಗಾರಪೇಟೆ ಬಸ್‌ಸ್ಟ್ಯಾಂಡ್ ಮುಂದೆ ಹಸಿರು ಬಾವುಟ ಹಿಡ್ಕೊಂಡು ನಿಂತಿದ್ರಿ. ನಾನೇ ನಿಮಗೆ ಸೋಡಾ ತಂದ್ಕೊಟ್ಟೆ.”

ಸೋಡಾ ಕುಡಿದದ್ದು ನೆನಪಾಯಿತು. ಬಾವುಟವೂ ನೆನಪಾಯಿತು. ಗೇಟು ಅಲ್ಲಿಂದ ಎರಡು ಮೈಲಿ ದೂರ. ಹಾಗಾದರೆ ನಾನು ಕಂಡದ್ದು ಏನು?

“ನಾವೇ ಅವನನ್ನ ಗೇಟಿಂದ ಎತ್ತಿ ವ್ಯಾನಿಗೆ ಹಾಕಿದ್ದು,” ಎಂದು ಮೇಟ್ ಮತ್ತೆ ಅನ್ನಕ್ಕೆ ಕೈ ಹಾಕಿದರು. ಸೋಡಾ ಕೊಡಲು ನನ್ನ ಹತ್ತಿರ ಇದ್ದವರು ಎರಡು ಮೈಲಿ ದೂರದ ಗೇಟಿನಲ್ಲಿ ಹೇಗೆ ಇದ್ದರು ಎಂದು ನಾನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಓಡಿದ್ನೇನೋ ಸಾರ್,” ಎಂದರು.

ನನ್ನ ನೆನಪಿನ ಗತಿ ಇದು, ಜೊತೆಯವರ ನೆನಪಿನ ಗತಿ ಅದು. ಆದ್ದರಿಂದ ಮುಂದೆ ಬರೆಯುವುದನ್ನೆಲ್ಲ ಅರ್ಧ ಕಳೆದು ಓದಬೇಕು.

ನನಗೆ ತಿಳಿಯಬೇಕಾದದ್ದು ಒಂದೇ ವಿಷಯ. ಆ ಸೈಕಲ್ ಸ್ಪರ್ಧೆಯ ದಿನ ಅವರ ಯಾವ ಕಾಲು ಪೆಡಲಿಗೆ ಕಟ್ಟಿತ್ತು? ಮುರಿದದ್ದು ಬಲಗಾಲು. ಅದರಲ್ಲಿ ಅನುಮಾನವಿಲ್ಲ, ಆಮೇಲೆ ಅವರು ಬಲಗಾಲು ಎಳೆದುಕೊಂಡು ನಡೆದದ್ದನ್ನು ಊರೇ ನೋಡಿದೆ. ಕಟ್ಟಿದ ಕಾಲೇ ಮುರಿದಿದ್ದರೆ ಅದನ್ನು ಮುರಿದವನು ನಾನು. ಕಟ್ಟಬೇಕು ಎಂದು ತಿಂಗಳುಗಟ್ಟಲೆ ವಾದಿಸಿದವನು ನಾನೇ.

ಅವರ ಊರು ಕ್ಯಾಸಂಬಳ್ಳಿಯ ಪಕ್ಕದ ಒಂದು ಹಳ್ಳಿ. ಎರಡು ಎಮ್ಮೆ, ಒಂದಿಷ್ಟು ರಾಗಿ ಹೊಲ, ಗಣಿಯಲ್ಲಿ ಪಂಪ್ ಫಿಟ್ಟರ್ ಕೆಲಸ. ದಿನಾ ಬೆಳಿಗ್ಗೆ ಸೈಕಲ್ಲಿನ ಎರಡು ಬದಿಗೆ ಹಾಲಿನ ಕ್ಯಾನು ನೇತುಹಾಕಿಕೊಂಡು ಬರುತ್ತಿದ್ದರು. ಗಣಿ ಕಾರ್ಮಿಕರ ಲೈನು ಮನೆಗಳಿಗೆ ಹಾಲು ಹಾಕಿ, ಖಾಲಿ ಕ್ಯಾನುಗಳನ್ನು ಗಣಿಯ ಸೈಕಲ್ ಶೆಡ್ಡಿನಲ್ಲಿಟ್ಟು, ಮೊದಲ ಪಾಳಿಗೆ ಕೆಳಗೆ ಇಳಿಯುತ್ತಿದ್ದರು. ನಾನು ಬೆಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ, ಆ ಗಣಿ ಊರಿನ ಕಾಲೇಜೊಂದರಲ್ಲಿ ತಾತ್ಕಾಲಿಕ ಲೆಕ್ಚರರ್ ಆಗಿ ಬಂದು, ಅವರು ಹಾಲು ಹಾಕುತ್ತಿದ್ದ ಒಂದು ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತೈದು. ಅವರಿಗೆ ಮೂವತ್ತೆಂಟೋ ನಲವತ್ತೋ.

ಮೊದಲು ನನ್ನ ಗಮನ ಸೆಳೆದದ್ದು ಅವರು ಏನನ್ನೂ ಕಟ್ಟುತ್ತಿರಲಿಲ್ಲ ಎಂಬುದು. ಬೇರೆ ಹಾಲಿನವರು ಕ್ಯಾನುಗಳನ್ನು ಹಗ್ಗದಿಂದ ಬಿಗಿಯುತ್ತಿದ್ದರು. ಇವರದು ಕಬ್ಬಿಣದ ಕೊಕ್ಕೆ, ಒಂದು ಕೈಯಿಂದ ಎತ್ತಿದರೆ ಕಳಚಿಕೊಳ್ಳಬೇಕು. ಚೀಲದ ಹಿಡಿಕೆಯೊಳಗೆ ಕೈ ತೂರಿಸುತ್ತಿರಲಿಲ್ಲ, ಬೆರಳಲ್ಲಿ ಹಿಡಿಯುತ್ತಿದ್ದರು. ಅಂಗಿಯ ಮೇಲಿನ ಎರಡು ಗುಂಡಿ ಯಾವಾಗಲೂ ಬಿಚ್ಚಿರುತ್ತಿತ್ತು. ನಟ್ಟು ಬಿಗಿಮಾಡುವಾಗ ಪೂರ್ತಿ ತಿರುಗಿಸಿ ಮತ್ತೆ ಒಂದು ಎಳೆಯಷ್ಟು ಹಿಂದಕ್ಕೆ ತಿರುಗಿಸುತ್ತಿದ್ದರು.

“ಅದೂ ಉಸ್ರಾಡ್ಬೇಕಲ್ಲ ಮೇಷ್ಟ್ರೇ,” ಎನ್ನುತ್ತಿದ್ದರು.

ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಒಮ್ಮೆ ಹಾಲಿನ ಜೊತೆ ತಾವೇ ಬಂದಿದ್ದಾಗ ದೂರಿದ್ದರು: “ಉಡಿದಾರಾನೂ ಬಿಚ್ಚಾಕವ್ನೆ ಕಣಪ್ಪಾ ನಿಮ್ ಫಿಟ್ರು. ಗಂಡ್ಸಾಗಿ ಸೊಂಟಕ್ಕೊಂದು ದಾರ ಬ್ಯಾಡ್ವಾ? ತಾಳಿ ನನ್ ಕೊಳ್ಳಾಗೈತೆ ಸದ್ಯ, ಇಲ್ದಿದ್ರೆ ಅದ್ನೂ ಬಿಚ್ಚು ಅಂತಿದ್ದ.”

ಯಾಕೆ ಹೀಗೆ ಎಂದು ಅವರನ್ನೇ ಕೇಳಿದ್ದೆ. ಮೂರು ಸಲ ಕೇಳಿದ್ದೆ, ಮೂರು ಕಾರಣ ಕೊಟ್ಟರು. ಗಣಿಯ ಆಳದಲ್ಲಿ ಬಂಡೆ ಸಿಡಿದಾಗ, ಅಲ್ಲಿಯವರು ಏರ್ ಬ್ಲಾಸ್ಟ್ ಎನ್ನುವುದು, ಮಣಿಕಟ್ಟಿಗೆ ಹಗ್ಗ ಸುತ್ತಿಕೊಂಡಿದ್ದ ಜೊತೆಗಾರನೊಬ್ಬ ಓಡಲಾರದೆ ಹೋದ ಎಂದು ಮೊದಲ ಸಲ. ಚಿಕ್ಕವರಿದ್ದಾಗ ಕರುವಿನ ಹಗ್ಗ ಕಾಲಿಗೆ ಸುತ್ತಿಕೊಂಡು ಅದು ಅವರನ್ನು ಹೊಲವೆಲ್ಲ ಎಳೆದಾಡಿತ್ತು ಎಂದು ಎರಡನೆಯ ಸಲ. ಮೂರನೆಯ ಸಲ, “ಸೆಕೆ ಮೇಷ್ಟ್ರೇ, ಇನ್ನೇನು,” ಎಂದರು. ಅವರು ಸುಳ್ಳು ಹೇಳುವವರಾಗಿರಲಿಲ್ಲ. ಮೂರೂ ನಿಜವಿರಬಹುದು. ಮೊದಲನೆಯದನ್ನು ನಾನೇ ಬೇರೆ ಯಾರಿಂದಲೋ ಕೇಳಿ ಅವರ ಬಾಯಿಗೆ ಹಚ್ಚಿರಲೂಬಹುದು.

ಪಾಳಿ ಮುಗಿದ ಮೇಲೆ ಸೈಕಲ್ ಶೆಡ್ಡಿನಲ್ಲಿ ಅವರ ಸುತ್ತ ಒಂದು ಸಣ್ಣ ಸಭೆ ಸೇರುತ್ತಿತ್ತು. ಯಾವ ಪೆಡಲ್ ಹಾಕಿಸಲಿ, ರಬ್ಬರಿನದೋ ಕಬ್ಬಿಣದ ಹಲ್ಲಿನದೋ ಎಂದು ಯಾರಾದರೂ ಕೇಳಿದರೆ ಮೊದಲು ಕೇಳಿದವನ ಪಾದ ನೋಡುತ್ತಿದ್ದರು. ಬರಿಗಾಲಿನವನಿಗೆ ರಬ್ಬರು. ಬೂಟಿನವನಿಗೆ ಹಲ್ಲು. ಚಪ್ಪಲಿಯವನಿಗೆ, “ನೀನು ನಡ್ಕೊಂಡೇ ಓಗ್ಲಾ.”

ಅಲ್ಲಿಗೆ ನಾನು ನನ್ನ ವಿದ್ಯೆ ತೆಗೆದುಕೊಂಡು ಹೋದೆ. ಯೂನಿವರ್ಸಿಟಿಯ ಲೈಬ್ರರಿಯಲ್ಲಿ ವಿದೇಶಿ ಪತ್ರಿಕೆಯೊಂದರಲ್ಲಿ ರೇಸಿನವರ ಚಿತ್ರ ನೋಡಿದ್ದೆ. ಪೆಡಲಿನ ಮುಂದೆ ಪಾದ ತೂರುವ ಒಂದು ತಂತಿಯ ಪಂಜರ, ಸುತ್ತ ಚರ್ಮದ ಪಟ್ಟಿ. ಕಾಲು ಪೆಡಲಿಗೆ ಅಂಟಿಕೊಂಡರೆ ಕೆಳಕ್ಕೆ ತುಳಿಯುವುದಷ್ಟೇ ಅಲ್ಲ, ಮೇಲಕ್ಕೆ ಎಳೆಯಲೂಬಹುದು, ವೃತ್ತದ ಒಂದು ಭಾಗವೂ ವ್ಯರ್ಥವಾಗುವುದಿಲ್ಲ ಎಂದು ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ವಿವರಿಸಿದೆ. ಅವರು ಕುಕ್ಕರುಗಾಲಲ್ಲಿ ಕೂತು ಪೂರ್ತಿ ಕೇಳಿದರು.

“ಕಾಲ್ ಮ್ಯಾಲಕ್ ಬರೋ ಒತ್ನಾಗೆ ಇನ್ನೊಂದ್ ಕಾಲು ತುಳೀತಿರ್ತದಲ್ಲ. ಇವನು ಒಸಿ ಸುಮ್ಕಿರ್ಲಿ ಬಿಡಿ. ಎಲ್ರೂ ಒಂದೇ ಸತಿ ಯಾಕ್ ಗೇಯ್ಬೇಕು?”

“ಶಕ್ತಿ ಉಳಿಯುತ್ತಲ್ಲ.”

“ಬೀಳೋವಾಗ?”

“ಬೀಳೋದು ಯಾಕೆ?”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಮೇಟ್, “ಸಾರ್ ಪುಸ್ತಕದಲ್ಲಿ ಯಾರೂ ಬೀಳಲ್ಲ ಕಣಯ್ಯಾ,” ಎಂದರು. ನನಗೆ ಅವಮಾನವಾಯಿತು. ಅವತ್ತಿನಿಂದ ಅದು ನನಗೆ ಹಠವಾಯಿತು ಎಂದು ಈಗ ಅನಿಸುತ್ತದೆ. ಅವರ ಕಾಲು ನನಗೆ ಒಂದು ಪ್ರಯೋಗವಾಯಿತು.

ಆ ವರ್ಷ ಒಂದು ಯುವಕ ಸಂಘದವರು ಸೈಕಲ್ ಸ್ಪರ್ಧೆ ಇಟ್ಟರು. ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆ, ಅಲ್ಲಿ ತಿರುಗಿ ಮತ್ತೆ ರಾಬರ್ಟ್‌ಸನ್‌ಪೇಟೆ. ಸಾಧಾರಣ ಸೈಕಲ್ಲೇ ಆಗಿರಬೇಕು ಎಂಬುದು ನಿಯಮ. ಹೆಸರು ಕೊಡಿ ಎಂದು ನಾನೇ ಅವರ ಬೆನ್ನು ಹತ್ತಿದೆ. ಮೇಟ್ ಅತ್ತ, “ಮುದುಕಪ್ಪಾ, ಹಾಲಿನ ಕ್ಯಾನೂ ತಗೊಂಡ್ ಹೋಗು, ದಾರೀಲಿ ಮಾರ್ಕೊಂಡ್ ಬಾ,” ಎಂದು ಕಿಚಾಯಿಸಿದರು. ಅದಕ್ಕೆ ಅವರು ಒಪ್ಪಿದರೋ ನನ್ನ ಒತ್ತಾಯಕ್ಕೆ ಒಪ್ಪಿದರೋ ಗೊತ್ತಿಲ್ಲ.

ಪೆಡಲಿನ ಜಗಳ ಮುಗಿದಿರಲಿಲ್ಲ. ಪರೀಕ್ಷೆ ಮಾಡೋಣ ಎಂದೆ. ಮಾರಿಕುಪ್ಪಂ ಕಡೆಯ ಒಂದು ಏರಿನಲ್ಲಿ ಅವರು ತುಳಿದರು, ನಾನು ಕೈಗಡಿಯಾರ ನೋಡಿದೆ. ಮೂರು ಸಲ ಬಿಟ್ಟ ಕಾಲಲ್ಲಿ, ಮೂರು ಸಲ ಕಟ್ಟಿದ ಕಾಲಲ್ಲಿ. ಕಟ್ಟಿದಾಗ ಒಂದು ಸಲ ಬೇಗ ಬಂದರು, ಒಂದು ಸಲ ತಡವಾಗಿ, ಒಂದು ಸಲ ಟ್ಯೂಬು ಪಂಕ್ಚರ್. ಕಟ್ಟುವುದೇ ಮೇಲು ಎಂದು ನಾನು ತೀರ್ಮಾನ ಹೇಳಿದ್ದು ಚೆನ್ನಾಗಿ ನೆನಪಿದೆ. ಆ ಅಂಕಿಗಳಿಂದ ಆ ತೀರ್ಮಾನ ಹೇಗೆ ಬಂತು ಎಂಬುದು ನೆನಪಿಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಹಾಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಪಟ್ಟಿಗಳನ್ನು ಅವರೇ ಮಾಡಿದ್ದರು. ಪಂಜರಕ್ಕೆ ಪೆಟ್ಟಿಗೆ ಬಿಗಿಯುವ ತಗಡಿನ ಪಟ್ಟಿ, ಚರ್ಮಕ್ಕೆ ಹಳೆಯ ಲ್ಯಾಂಪ್ ಬೆಲ್ಟು. ಕೆಳಗೆ ಇಳಿಯುವ ಪ್ರತಿಯೊಬ್ಬನೂ ತಲೆಯ ದೀಪದ ಬ್ಯಾಟರಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟು ಅದು. ಅವರು ಮೈಮೇಲೆ ಕಟ್ಟಿಕೊಳ್ಳಲು ಒಪ್ಪುತ್ತಿದ್ದದ್ದು ಅದೊಂದನ್ನೇ. ದೀಪವಿಲ್ಲದೆ ಕೆಳಗೆ ಮನುಷ್ಯನಿಲ್ಲ. ಅದರ ಬಕಲ್ ಹೇಗೆಂದರೆ ಎಳೆದಷ್ಟೂ ಕಚ್ಚಿಕೊಳ್ಳುತ್ತದೆ. ಬಂಡೆಗೆ ಉಜ್ಜಿದರೂ ತೆವಳಿದರೂ ಬಿಚ್ಚಬಾರದು. ಬಿಚ್ಚಲು ಎರಡು ಕೈ ಬೇಕು, ಸಮಾಧಾನ ಬೇಕು. ಆ ಬಕಲನ್ನೇ ಅವರು ಪೆಡಲಿಗೆ ಹಾಕಿದರು. ಗಣಿಯವರ ಪ್ರಕಾರ ಒಳ್ಳೆಯ ಬಕಲ್ ಅಂದರೆ ಬಿಚ್ಚದ ಬಕಲ್. ರೇಸಿನವರ ಪಟ್ಟಿ ಹೆಬ್ಬೆರಳು ತಾಗಿದರೆ ಸಡಿಲವಾಗುತ್ತದೆ ಎಂಬುದು ನಾನು ನೋಡಿದ ಚಿತ್ರದಲ್ಲಿ ಕಾಣುತ್ತಿರಲಿಲ್ಲ. ನಟ್ಟಿಗೂ ಉಸಿರಾಡಲು ಜಾಗ ಬಿಡುತ್ತಿದ್ದವರು ಹೀಗೆ ಮಾಡಿದರು, ಫೋರ್ಸ್ ಡಯಾಗ್ರಾಂ ಬರೆದವನು ಪಕ್ಕದಲ್ಲಿ ನಿಂತು ನೋಡಿದ. ಇಬ್ಬರಿಗೂ ಹೊಳೆಯಲಿಲ್ಲ.

ಸ್ಪರ್ಧೆಯ ಹಿಂದಿನ ಸಂಜೆ ಶೆಡ್ಡಿನಲ್ಲಿ ಅವರು ಒಂದು ಪಂಜರವನ್ನು ಕಳಚಿ ಮೂಲೆಗೆ ಎಸೆದರು.

“ಒಂದ್ ಕಾಲು ನಿಮ್ ಮಾತಿಗೆ, ಒಂದ್ ಕಾಲು ನನ್ ಮಾತಿಗೆ. ಸರಿ ಓಯ್ತಾ?”

ಇದನ್ನು ಅವರು ಹೇಳಿದ್ದು ಖಂಡಿತ. ಎಸೆದ ಪಂಜರ ಗೋಡೆಗೆ ಬಡಿದದ್ದೂ ಖಂಡಿತ. ಆದರೆ ಯಾವ ಪೆಡಲಿನದನ್ನು ಕಳಚಿದರು? ಕಣ್ಣು ಮುಚ್ಚಿದರೆ ಬಲಗಡೆಯ ಪೆಡಲಿನಲ್ಲಿ ಪಟ್ಟಿ ಕಾಣುತ್ತದೆ. ಆದರೆ ನಾನು ಸೈಕಲ್ಲಿನ ಎದುರಿಗೆ ನಿಂತಿದ್ದೆನೋ ಹಿಂದೆ ನಿಂತಿದ್ದೆನೋ ಕಾಣುವುದಿಲ್ಲ. ತರ್ಕ ಹಚ್ಚಿಯೂ ನೋಡಿದ್ದೇನೆ. ಸೈಕಲ್ಲಿನಿಂದ ಇಳಿಯುವಾಗ ಜನ ಎಡಗಾಲನ್ನು ಪೆಡಲ್ ಮೇಲಿಟ್ಟು ಬಲಗಾಲನ್ನು ದಾಟಿಸುತ್ತಾರೆ, ಆದ್ದರಿಂದ ಬಲಗಾಲು ಬಿಟ್ಟಿರಬೇಕು. ಇಷ್ಟು ಹೊತ್ತಿಗೆ ಅವರು ಎಡಚರು ಎಂಬುದು ನೆನಪಾಗುತ್ತದೆ. ಸ್ಪ್ಯಾನರ್ ಹಿಡಿಯುತ್ತಿದ್ದದ್ದು ಎಡಗೈಯಲ್ಲಿ. ಎಡಚರು ಯಾವ ಕಡೆಯಿಂದ ಇಳಿಯುತ್ತಾರೆ? ಅವರು ಯಾವ ಕಡೆಯಿಂದ ಇಳಿಯುತ್ತಿದ್ದರು? ಒಂದು ವರ್ಷ ದಿನಾ ಬೆಳಿಗ್ಗೆ ನನ್ನ ಬಾಗಿಲ ಮುಂದೆ ಇಳಿದ ಮನುಷ್ಯ. ಕ್ಯಾನಿನ ಕೊಕ್ಕೆ ನೆನಪಿದೆ, ಇದು ಇಲ್ಲ.

ಮಾರನೆಯ ದಿನ ಅವರು ಬಂಗಾರಪೇಟೆಯ ತಿರುವಿಗೆ ಐದನೆಯವರಾಗಿ ಬಂದರು. ನಾನು ಬಾವುಟ ಬೀಸಿದೆ. “ಎಂಗೈತೆ ಮೇಷ್ಟ್ರೇ!” ಎಂದು ಕೂಗಿ ತಿರುಗಿಸಿಕೊಂಡು ಹೋದರು. ಎಲ್ಲರೂ ತಿರುಗಿದ ಮೇಲೆ ನಾನು ಟೀ ಕುಡಿದು, ಬಸ್ಸಿಗೆ ಕಾದು, ರಾಬರ್ಟ್‌ಸನ್‌ಪೇಟೆ ತಲುಪುವ ಹೊತ್ತಿಗೆ ಬಹುಮಾನ ಕೊಟ್ಟಾಗಿತ್ತು, ಜನ ಚದುರಿದ್ದರು. ಹಾಲಿನವರು ಗೇಟಿನ ಹತ್ತಿರ ಬಿದ್ದರಂತೆ, ಬಲಗಾಲಿನ ಕಣಕಾಲು ಮುರಿದಿದೆಯಂತೆ, ಆಸ್ಪತ್ರೆಯಲ್ಲಿದ್ದಾರಂತೆ ಎಂದು ಯಾರೋ ಹೇಳಿದರು. ಕಾಲು ಕಟ್ಟಿತ್ತಲ್ಲ, ಬಿಡಿಸಿಕೊಳ್ಳಲು ಆಗಲಿಲ್ಲವಂತೆ ಎಂದೂ ಯಾರೋ ಹೇಳಿದರು. ಆ ಮಾತಿನಿಂದಲೇ ನಾನು ನನ್ನ ದೃಶ್ಯವನ್ನು ಕಟ್ಟಿಕೊಂಡಿರಬೇಕು.

ನಾನು ಆಸ್ಪತ್ರೆಗೆ ಹೋಗಲಿಲ್ಲ. ಇದರಲ್ಲಿ ಮಾತ್ರ ನೆನಪಿನ ತಕರಾರು ಇಲ್ಲ. ಅದೇ ಸಂಜೆ ಹೋಗಬೇಕೆಂದುಕೊಂಡೆ, ನಾಳೆ ಎಂದುಕೊಂಡೆ, ಮೂರು ವಾರ ಹಾಗೇ ಕಳೆಯಿತು. ಹಾಲು ಬೇರೆಯವರು ತಂದು ಹಾಕತೊಡಗಿದರು. ಅಷ್ಟರಲ್ಲಿ ತುಮಕೂರಿನಲ್ಲಿ ನನಗೆ ಕಾಯಂ ಕೆಲಸ ಸಿಕ್ಕಿತು.

ಮೂಳೆ ನೆಟ್ಟಗೆ ಕೂಡಲಿಲ್ಲ ಎಂದು ಆಮೇಲೆ ತಿಳಿಯಿತು. ಅವರನ್ನು ಮತ್ತೆ ಕೆಳಗೆ ಇಳಿಸಲಿಲ್ಲ. ಲ್ಯಾಂಪ್ ರೂಮಿನಲ್ಲಿ ಕೂರಿಸಿದರು. ಇಳಿಯುವವರಿಗೆ ದೀಪ ಕೊಡುವುದು, ಹತ್ತಿ ಬಂದವರಿಂದ ವಾಪಸ್ಸು ತೆಗೆದುಕೊಳ್ಳುವುದು. ಪಂಪಿನ ಸದ್ದು ಕೇಳಿಯೇ ಎಲ್ಲಿ ವಾಷರ್ ಹೋಗಿದೆ ಎನ್ನುತ್ತಿದ್ದ ಮನುಷ್ಯ ಹದಿಮೂರು ವರ್ಷ ಕಿಟಕಿಯ ಹಿಂದೆ ಕೂತು ಬೆಲ್ಟುಗಳನ್ನು ಕೊಟ್ಟರು.

ಒಂದು ಸಲ ಮಾತ್ರ ಅವರನ್ನು ಕೇಳಿದ್ದೇನೆ. ತುಮಕೂರಿಗೆ ಹೋಗಿ ನಾಲ್ಕೈದು ವರ್ಷವಾಗಿತ್ತು. ಬಂಗಾರಪೇಟೆ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ, ಮಾರಿಕುಪ್ಪಂ ರೈಲಿಗೆ ಕಾಯುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು, ನಾನೇ ತಡೆದು ಕೂರಿಸಿದೆ. ಬಲಗಾಲಿನ ಚಪ್ಪಲಿಗೆ ಮಾತ್ರ ಹಿಮ್ಮಡಿಯಲ್ಲಿ ಟೈರಿನ ತುಂಡು ಹೊಲಿಸಿದ್ದರು. ಅದನ್ನು ನೋಡದ ಹಾಗೆ ನೋಡುತ್ತ ಕೇಳಿದೆ: “ಅವತ್ತು ಯಾವ ಕಾಲಿಗೆ ಕಟ್ಟಿದ್ರಿ?”

“ನಿಮ್ ಕಾಲಿಗಲ್ಲ ಬಿಡಿ ಮೇಷ್ಟ್ರೇ,” ಎಂದು ಜೋರಾಗಿ ನಕ್ಕರು. ನಾನು ನಗಲಿಲ್ಲ. ಅವರು ನನ್ನ ಮುಖ ನೋಡಿ ನಗು ನಿಲ್ಲಿಸಿ, “ಮದ್ವೆ ಆಯ್ತಾ? ಎಮ್ಮೆ ಆಲು ಸಿಗ್ತದಾ ಅಲ್ಲಿ?” ಎಂದು ಬೇರೆ ಮಾತು ತೆಗೆದರು. ಅದು ಕ್ಷಮೆಯೋ, ತಪ್ಪಿಸಿಕೊಳ್ಳುವಿಕೆಯೋ, ಅಥವಾ ಅವರಿಗೆ ನಿಜಕ್ಕೂ ಅದು ಮುಖ್ಯವೇ ಆಗಿರಲಿಲ್ಲವೋ, ರೈಲು ಬಂದ ಮೇಲೂ ಯೋಚಿಸುತ್ತಿದ್ದೆ.

ತಿಥಿಯ ದಿನ ಪಂಕ್ತಿ ಎದ್ದ ಮೇಲೆ ಅಕ್ಕನ ಹತ್ತಿರ ಹೋಗಿ ಕೂತೆ. ಅಂಗಳದ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. ನಾನು ಆಸ್ಪತ್ರೆಗೆ ಬರದೆ ಹೋದದ್ದನ್ನು ಹೇಳಿಬಿಟ್ಟೆ. ಮೇಟ್ ಹೇಳಿದ ವ್ಯಾನಿನ ಮಾತನ್ನೂ ತಿಳಿಸಿ, ಯಾವ ಕಾಲು ಕಟ್ಟಿತ್ತು ಎಂದು ಕೇಳಿದೆ.

“ಎಡ್ವೋ ಬಲ್ವೋ, ಯಾರ್ ಕಂಡ್ರು ಸಾಮಿ. ನಾನೇನ್ ಓಗಿ ನೋಡಿದ್ನಾ? ಆದ್ರೆ ವ್ಯಾನ್ನಾಗೆ ಬಂದ ಅಂತ ಯಾವನ್ ಏಳಿದ್ದು? ಅವನು ಸೈಕಲ್ ಮ್ಯಾಲೇ ಬಂದ. ಪೇಟೇ ತಂಕ ತುಳ್ಕೊಂಡ್ ಬಂದೆ ಅಂತ ಅವನೇ ಏಳಿದ್ದ ಆಸ್ಪತ್ರ್ಯಾಗೆ. ನಾನು ಬೈದೆ, ಕಾಲ್ ಮುರ್ಕೊಂಡು ತುಳಿಯಾಕೆ ನೀನೇನ್ ಎಮ್ಮೇನಾ ಅಂತ.”

“ಕಾಲು ಮುರಿದ ಮೇಲೆ ಸೈಕಲ್ ತುಳಿಯೋದು ಆಗಲ್ಲ ಅಕ್ಕ.”

“ಆಗಲ್ಲ ಅಂದ್ರೆ ಆಗಲ್ಲ. ನೀವ್ ಓದ್ದೋರು.”

ಅವರು ಬೇಜಾರಿನಿಂದ ಹೇಳಲಿಲ್ಲ. ಆದರೆ ನಾನು ವಾಪಸ್ಸು ನಡೆದು ಬರುತ್ತ, ಆಗಲ್ಲ ಎಂದದ್ದು ಪೂರ್ತಿ ಸರಿಯಲ್ಲ ಎಂದು ತಡವಾಗಿ ತಿಳಿದುಕೊಂಡೆ. ಎರಡೂ ಕಾಲು ಬಿಟ್ಟಿದ್ದರೆ, ಒಂದು ಮುರಿದ ಮೇಲೆ, ಅಷ್ಟು ದೂರ ಬರುವುದು ಹೆಚ್ಚುಕಡಿಮೆ ಅಸಾಧ್ಯ. ಗಟ್ಟಿಯಾದ ಕಾಲು ಪೆಡಲಿಗೆ ಬಿಗಿದಿದ್ದರೆ ಆ ಒಂದೇ ಕಾಲು ಕೆಳಕ್ಕೆ ತುಳಿದು ಮೇಲಕ್ಕೆ ಎಳೆಯಬಲ್ಲದು. ನಿಧಾನವಾಗಿ, ಆದರೆ ಬರಬಹುದು. ಮುರಿದ ಕಾಲೇ ಬಿಗಿದಿದ್ದರೆ ಒಂದು ಫರ್ಲಾಂಗೂ ಸಾಧ್ಯವಿಲ್ಲ. ಹಾಗಾದರೆ ಅಕ್ಕ ಹೇಳಿದ್ದು ನಿಜವಾದರೆ ನಾನು ಕಂಡ ದೃಶ್ಯ ಸುಳ್ಳು. ಮೇಟ್ ಹೇಳಿದ್ದು ನಿಜವಾದರೆ ಯಾವುದೂ ಗೊತ್ತಾಗುವುದಿಲ್ಲ. ಇನ್ನೂ ಒಂದು ಇದೆ: ಎಡಗಾಲು ಕಟ್ಟಿದ್ದರಿಂದಲೇ ಬೀಳುವಾಗ ಬಲಗಾಲೊಂದನ್ನೇ ಊರಬೇಕಾಗಿ ಬಂದು ಅದು ಮುರಿದಿರಬಹುದು. ಆಗಲೂ ನಾನು ಪೂರ್ತಿ ಬಿಡುಗಡೆಯಲ್ಲ.

ಮೇಟ್‌ಗೆ ಒಂದು ವಿಷಯ ಮಾತ್ರ ಚೆನ್ನಾಗಿ ನೆನಪಿತ್ತು. ಅವತ್ತು ಸ್ಪರ್ಧೆ ಮುಗಿಯುವ ಗೆರೆಯ ಹತ್ತಿರ ಕೂತು ಸಮಯ ಬರೆದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು, ಈಗ ನಿವೃತ್ತರಾಗಿ ಬಂಗಾರಪೇಟೆಯಲ್ಲೇ ಇದ್ದಾರೆ. ಮಾರನೆಯ ದಿನ ಅವರ ಮನೆ ಹುಡುಕಿಕೊಂಡು ಹೋದೆ. ಅವರಿಗೆ ಕಿವಿ ಸ್ವಲ್ಪ ಮಂದ. ಆ ಸ್ಪರ್ಧೆಯ ಬಗ್ಗೆ ಏನೂ ನೆನಪಿಲ್ಲ ಎಂದರು. ಹಾಗೆನ್ನುತ್ತಲೇ ಎದ್ದು ಹೋಗಿ ಬೀರುವಿನಿಂದ ಹಳೆಯ ನೋಟ್‌ಬುಕ್ಕುಗಳ ಕಟ್ಟು ತಂದರು. “ನೆನಪಿರಲ್ಲ ಅಂತಾನೇ ಬರ್ದಿಡೋದು,” ಎಂದರು.

ಆ ಪುಟವನ್ನು ನಾನು ಬೆರಳಿಟ್ಟು ಎರಡು ಸಲ ಓದಿದೆ, ಅವರಿಂದಲೂ ಗಟ್ಟಿಯಾಗಿ ಓದಿಸಿದೆ. ಹನ್ನೊಂದನೆಯ ಸಾಲಿನಲ್ಲಿ, ಎಲ್ಲರಿಗಿಂತ ಕೊನೆಗೆ, ಹತ್ತನೆಯವರು ಬಂದು ಐವತ್ತೆರಡು ನಿಮಿಷವಾದ ಮೇಲೆ, ಅವರ ಹೆಸರಿದೆ. ಹೆಸರಿನ ಮುಂದೆ ಮೇಷ್ಟ್ರ ದುಂಡು ಅಕ್ಷರದಲ್ಲಿ ಇಷ್ಟು: “ಸೈಕಲ್ ಮೇಲೆಯೇ ಗೆರೆ ದಾಟಿದರು. ಎಡ ಪೆಡಲಿನ ಪಟ್ಟಿ ಬಿಚ್ಚಲು ಬಾರದೆ ಬೀಡಾ ಅಂಗಡಿಯ ಕತ್ತರಿಯಿಂದ ಕತ್ತರಿಸಿ ಇಳಿಸಲಾಯಿತು.”